ಜೋಪಾನಣ್ಣನ ಹೊಸ ವಾಲ್ವು

ನಮ್ಮ ಅಣ್ಣ ಹೊಸ ಕೊಡೆಯನ್ನು ಮಳೆಯಲ್ಲಿ ಬಿಚ್ಚುತ್ತಿರಲಿಲ್ಲ. ಮಳೆ ಶುರುವಾದರೆ ಅದನ್ನು ಅಂಗಿಯೊಳಗೆ ತೂರಿಸಿಕೊಂಡು, ತಾನು ತೊಯ್ದು ತೊಪ್ಪೆಯಾಗಿ ಮನೆಗೆ ಬರುತ್ತಿದ್ದ. ಅಮ್ಮ ಅವನತ್ತ ಟವೆಲು ಎಸೆದು, "ಕೊಡೆಗೇನೂ ನೆಗಡಿ ಆಗ್ಲಿಲ್ಲ ತಾನೇ?" ಎಂದು ಕೇಳುತ್ತಿದ್ದಳು. ಅಣ್ಣ ನಗುತ್ತಿರಲಿಲ್ಲ. ಕೊಡೆಯ ತುದಿಯಲ್ಲಿ ಒಂದು ಹನಿ ಕೂತಿದ್ದರೆ ಅದನ್ನು ಒರೆಸಿ, ಗೂಟಕ್ಕೆ ನೇತುಹಾಕಿ, ಆಮೇಲೆ ತನ್ನ ತಲೆ ಒರೆಸಿಕೊಳ್ಳುತ್ತಿದ್ದ.

ಅವನದು ಮೋಟಾರು ಸುತ್ತುವ ಅಂಗಡಿ. ಸುಟ್ಟುಹೋದ ನೀರಿನ ಪಂಪು, ಫ್ಯಾನು, ಹಿಟ್ಟಿನ ಗಿರಣಿಯ ಮೋಟಾರು ಅಲ್ಲಿಗೆ ಬರುತ್ತಿದ್ದವು. ಕರಕಲಾದ ಹಳೆಯ ತಂತಿ ಬಿಚ್ಚಿ, ಸುತ್ತು ಎಣಿಸಿ, ಅಷ್ಟೇ ಸುತ್ತು ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಕುಡಿಸಿ ಒಣಗಿಸಿ ಕೊಡುತ್ತಿದ್ದ. ಅಂಗಡಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇದ್ದುದರಿಂದ ನಮ್ಮ ಬಟ್ಟೆಬರೆಗೆಲ್ಲ ವಾರ್ನಿಷ್ ವಾಸನೆ. ಮೋಟಾರು ಹೊತ್ತು ಹೊರಡುವವರಿಗೆ ಅವನು ತಪ್ಪದೆ ಹೇಳುತ್ತಿದ್ದ ಮಾತು "ಜೋಪಾನ". ಸೈಕಲ್ಲು ಹತ್ತುವವರಿಗೂ ಜೋಪಾನ, ಮಗು ಎತ್ತಿಕೊಂಡವರಿಗೂ ಜೋಪಾನ, ಚಹಾ ಲೋಟ ಕೈಗೆ ಕೊಟ್ಟ ನನಗೂ ಜೋಪಾನ. ಬೀದಿಯವರು ಅವನನ್ನು ಜೋಪಾನಣ್ಣ ಎಂದೇ ಕರೆದರು. ಅವನ ನಿಜವಾದ ಹೆಸರು ಕೇಳಿಕೊಂಡು ಬಂದವರಿಗೆ ಪಕ್ಕದ ಮನೆಯವರೂ ಗೊತ್ತಿಲ್ಲ ಎಂದು ಕಳಿಸಿದ್ದುಂಟು.

ಅವನ ಮಂಚದ ಕೆಳಗೆ ಒಂದು ತಗಡಿನ ಟ್ರಂಕು ಇತ್ತು. ಯಾರೇ ಏನೇ ಒಳ್ಳೆಯದು ಕೊಟ್ಟರೂ ಅದು ಟ್ರಂಕಿಗೆ ಹೋಗುತ್ತಿತ್ತು. ಬಿಚ್ಚದ ಅಂಗಿಗಳು, ಮಸಿ ಕಾಣದ ಪೆನ್ನು, ಒಂದು ಜೊತೆ ಚರ್ಮದ ಚಪ್ಪಲಿ. ಒಳ್ಳೆಯದಕ್ಕೆ ಒಂದು ದಿನ ಬರುತ್ತದೆ, ಅಲ್ಲಿಯವರೆಗೆ ಮುಟ್ಟಬಾರದು ಎಂಬುದು ಅವನ ಲೆಕ್ಕ. ಮದುವೆಯೂ ಹಾಗೇ ಆಯಿತು. ಒಬ್ಬಳು ಹುಡುಗಿ ಒಪ್ಪಿದ್ದಳು, ಅವನಿಗೂ ಮನಸ್ಸಿತ್ತು. ತಮ್ಮನಿಗೆ ಒಂದು ಕೆಲಸ ಆಗಲಿ ಎಂದ. ಆಮೇಲೆ ಮನೆಯ ಸೂರು ರಿಪೇರಿ ಆಗಲಿ ಎಂದ. ಹುಡುಗಿಯ ಕಡೆಯವರು ಕಾದು ಕಾದು ಅವಳನ್ನು ಬೇರೆ ಕಡೆ ಕೊಟ್ಟರು. ಅಣ್ಣ ಮದುವೆಗೆಂದು ಹೊಲಿಸಿದ್ದ ಅಂಗಿಯನ್ನು ಟ್ರಂಕಿನಲ್ಲಿ ಎಲ್ಲಕ್ಕಿಂತ ಕೆಳಗೆ ಇಟ್ಟ.

ನನ್ನ ಯಜಮಾನರು ತೀರಿಕೊಂಡು ನಾನು ತವರಿಗೆ ಹಿಂತಿರುಗಿದಾಗ ಮನೆಯಲ್ಲಿ ಅಮ್ಮ, ಅಣ್ಣ, ತಮ್ಮ ಮೂವರೇ. ತಮ್ಮ ಎಂದರೆ ನಮ್ಮಿಬ್ಬರಿಗಿಂತಲೂ ಬಹಳ ಚಿಕ್ಕವನು, ಅಣ್ಣ ಎತ್ತಿ ಆಡಿಸಿದವನು. ಅಣ್ಣ ಎಷ್ಟು ಬಿಗಿಯೋ ಅವನು ಅಷ್ಟು ಸಡಿಲ. ಹೊಸ ಅಂಗಿ ತಂದ ದಿನವೇ ಹಾಕಿಕೊಂಡು, ಸಂಜೆಯೊಳಗೆ ಅದಕ್ಕೊಂದು ಕಲೆ ಮಾಡಿಕೊಂಡು ಬರುವವನು. ಇಬ್ಬರಿಗೂ ಹೊಂದುತ್ತಿದ್ದುದು ರೇಡಿಯೋ ಒಂದರಲ್ಲಿ.

ಹಿಂದಿನ ಬೀದಿಯಲ್ಲಿ ಹಡಗಿನಲ್ಲಿ ರೇಡಿಯೋ ಕೆಲಸ ನೋಡಿಕೊಂಡಿದ್ದು ನಿವೃತ್ತರಾದ ಮುದುಕರೊಬ್ಬರಿದ್ದರು. ಹಡಗಿನ ತಾತ ಎಂದರೆ ಎಲ್ಲರಿಗೂ ಗೊತ್ತು. ಅವರು ಮನೆಯಲ್ಲೇ ಸೆಟ್ಟು ಕಟ್ಟಿ ದೇಶದೇಶದವರೊಡನೆ ಮಾತಾಡುತ್ತಿದ್ದರು. ಅದನ್ನು ಹವ್ಯಾಸಿ ರೇಡಿಯೋ ಎನ್ನುತ್ತಾರೆ, ಪರೀಕ್ಷೆ ಬರೆದು ಲೈಸೆನ್ಸು ತೆಗೆದುಕೊಳ್ಳಬೇಕು. ಅಣ್ಣ ತಮ್ಮ ಇಬ್ಬರೂ ಅವರ ಬಳಿ ಕಲಿತು ಪಾಸಾದರು. ಸ್ವಲ್ಪ ದಿನಕ್ಕೇ ತಮ್ಮನಿಗೆ ದೀಪಸ್ತಂಭ ಕಾಯುವ ಕೆಲಸ ಸಿಕ್ಕಿತು. ಕೆಲಸ ಎಲ್ಲಿ ಎಂದರೆ ನಡುಸಮುದ್ರದ ಒಂದು ಬಂಡೆಯ ಮೇಲೆ. ವರ್ಷಕ್ಕೊಮ್ಮೆ ಹಡಗು ಬಂದು ಸಾಮಾನು ಇಳಿಸುತ್ತದೆ, ಎರಡು ದಿನ ನಿಂತು, ಇರಲು ಒಲ್ಲದವರನ್ನು ಹತ್ತಿಸಿಕೊಂಡು ಹೊರಡುತ್ತದೆ. ಆ ಹಡಗು ತಪ್ಪಿದರೆ ಮತ್ತೆ ಮುಂದಿನ ವರ್ಷವೇ.

ತಮ್ಮ ತನ್ನ ಚಿಕ್ಕ ಸೆಟ್ಟನ್ನು ಜೊತೆಗೆ ಒಯ್ದ. ಭಾನುವಾರ ಬೆಳಿಗ್ಗೆ ಮಾತಾಡುವುದೆಂದು ಗೊತ್ತುಮಾಡಿಕೊಂಡರು. ನಮ್ಮ ತಾರಸಿಯ ಮೇಲೆ ಅಣ್ಣ ಉದ್ದಕ್ಕೆ ಕಟ್ಟಿದ್ದ ತಂತಿಯಲ್ಲಿ ತಮ್ಮನ ದನಿ ಸಣ್ಣಗೆ, ಆದರೆ ಸ್ಪಷ್ಟವಾಗಿ ಬರುತ್ತಿತ್ತು. ನಮ್ಮ ದನಿ ಮಾತ್ರ ಅವನಿಗೆ ಮುಟ್ಟುತ್ತಿರಲಿಲ್ಲ. ಅಲ್ಲಿ ದೀಪಕ್ಕೆಂದು ಹಗಲೂ ರಾತ್ರಿ ಜನರೇಟರು ಓಡುತ್ತದೆ, ಅದರ ಗದ್ದಲವೆಲ್ಲ ಅವನ ಸೆಟ್ಟಿನೊಳಗೆ ತುಂಬುತ್ತದೆ. ಆ ಗದ್ದಲ ಸೀಳಿಕೊಂಡು ಹೋಗಬೇಕಾದರೆ ನಮ್ಮ ಕಡೆಯಿಂದ ಬಲ ಬೇಕು. ಅದಕ್ಕಾಗಿ ಅಣ್ಣ ದೊಡ್ಡ ಪೆಟ್ಟಿಗೆ ಕಟ್ಟಿದ. ನಮ್ಮ ಮನೆಯಲ್ಲಿದ್ದ ಚಿಕ್ಕ ಸೆಟ್ಟಿನ ದನಿಯನ್ನು ತೆಗೆದುಕೊಂಡು ಹಲವು ಪಟ್ಟು ಜೋರು ಮಾಡಿ ಹೊರಗೆ ಕಳಿಸುವ ಪೆಟ್ಟಿಗೆ ಅದು. ಒಳಗಿನ ಟ್ರಾನ್ಸ್‌ಫಾರ್ಮರನ್ನು ಮೋಟಾರು ಸುತ್ತುವ ಕೈಯಿಂದಲೇ ಸುತ್ತಿದ. ಪೆಟ್ಟಿಗೆಯ ಜೀವವೆಲ್ಲ ಬಲ್ಬಿನಂತೆ ಉರಿಯುವ ಒಂದು ಗಾಜಿನ ವಾಲ್ವಿನಲ್ಲಿತ್ತು. ನೀರಿನ ಲೋಟಕ್ಕಿಂತ ಎತ್ತರ, ಹಿಡಿ ತುಂಬುವಷ್ಟು ದಪ್ಪ.

ಆ ವಾಲ್ವಿನ ಉಪಚಾರ ನನ್ನ ಪಾಲಿಗೆ ಬಂತು. ಬರಿಗೈಯಲ್ಲಿ ಗಾಜು ಮುಟ್ಟುವಂತಿಲ್ಲ, ಬೆರಳಿನ ಜಿಡ್ಡು ಕೂತ ಕಡೆ ಕಾದು ಬಿರುಕು ಬಿಡುತ್ತದೆ. ಹಳೆಯ ಮೆತ್ತನೆ ಬಟ್ಟೆಯಲ್ಲಿ ಒರೆಸಬೇಕು. ಅದನ್ನು ಎಂದೂ ಮಲಗಿಸುವಂತಿಲ್ಲ, ಮಲಗಿಸಿದರೆ ಒಳಗಿನ ತಂತಿ ಜೋತುಬೀಳುತ್ತದೆ. ಪೆಟ್ಟಿಗೆಗೆ ಎರಡು ಸ್ವಿಚ್ಚು. ಮೊದಲನೆಯದು ಬಿಸಿಗೆ, ಎರಡನೆಯದು ಬಲಕ್ಕೆ. ಬಿಸಿಯ ಸ್ವಿಚ್ಚು ಹಾಕಿದರೆ ನಡುವಿನ ತಂತಿ ಹಳದಿಯಾಗಿ ಉರಿಯುತ್ತದೆ. ಅದು ಚೆನ್ನಾಗಿ ಕಾದ ಮೇಲೇ ಬಲ ಕೊಡಬೇಕು. ಅಣ್ಣ ಮಾತಾಡುವಾಗ ನಾನು ಪೆಟ್ಟಿಗೆಯ ಜಾಲರಿಯ ಮುಂದೆ ಕೂತು ವಾಲ್ವಿನ ಒಳಗಿನ ತಗಡಿನ ಬಣ್ಣ ನೋಡುತ್ತಿದ್ದೆ. ಕಡುಗೆಂಪಾದರೆ ಪರವಾಗಿಲ್ಲ. ಕೆಂಡದ ಬಣ್ಣಕ್ಕೆ ತಿರುಗಿದರೆ ಅಣ್ಣನ ಭುಜ ತಟ್ಟಬೇಕು. ಆಗ ಅವನು ಮಾತು ನಿಲ್ಲಿಸಿ ಅದಕ್ಕೆ ಉಸಿರಾಡಲು ಬಿಡುತ್ತಿದ್ದ.

ಅಮ್ಮನಿಗೆ ಮೈಕು ಕೊಟ್ಟರೆ ಪಂಚಾಯಿತಿಯೇ ಶುರು. ಮಾತಾಡುವಾಗ ಗುಂಡಿ ಒತ್ತಬೇಕು, ಕೇಳುವಾಗ ಬಿಡಬೇಕು. ಅಮ್ಮ ಒತ್ತಿದ ಗುಂಡಿ ಬಿಡುತ್ತಲೇ ಇರಲಿಲ್ಲ. ಗುಂಡಿ ಒತ್ತಿಕೊಂಡೇ, "ಯಾಕೋ ಸುಮ್ನಿದ್ದೀಯ, ಬಾಯಲ್ಲಿ ಏನಿಟ್ಕೊಂಡಿದ್ದೀಯ?" ಎಂದು ಬೈಯುವಳು. ನಾನು ಅವಳ ಬೆರಳು ಬಿಡಿಸಬೇಕು. ಬಿಡಿಸಿದ ಕೂಡಲೇ ಆ ಕಡೆಯಿಂದ ತಮ್ಮನ ನಗು ಕೇಳಿಸುತ್ತಿತ್ತು. ಒಮ್ಮೆ ಅವನು, "ಅಕ್ಕ, ಅಮ್ಮನ ಬೆರಳಿಗೊಂದು ಬ್ರೇಕು ಹಾಕ್ಸೇ" ಎಂದ. ಅಮ್ಮ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದಳು. ಕೊನೆಗೆ ಮೈಕು ಅಣ್ಣನ ಕೈಗೆ ಬಂದರೆ ಅವನದು ಒಂದೇ ಮಾತು, "ಜೋಪಾನ ಕಣೋ".

ವಾಲ್ವು ನಂಬಿಕೆಯ ಸಾಮಾನಲ್ಲ. ಹೊಸದಾಗಿ ಬರುವುದು ಆಗಲೇ ನಿಂತುಹೋಗಿತ್ತು, ಗುಜರಿಯವರ ಬಳಿ ಹಳೆಯ ಮಿಲಿಟರಿ ಸಾಮಾನಿನಲ್ಲಿ ಸಿಕ್ಕಿದ್ದೇ ಗತಿ. ಒಂದು ತಂದ ವಾರಕ್ಕೇ ತಂತಿ ಕಡಿದುಕೊಂಡಿತು. ಒಂದರ ಗಾಜು ಬುಡದ ಹತ್ತಿರ ಬಿರಿಯಿತು. ಒಂದು ಬಹಳ ಕಾಲ ಬಾಳಿತು, ಆದರೆ ಮುದುಕರಂತೆ ದಿನಕ್ಕೊಂದು ಚೂರು ಕುಗ್ಗುತ್ತ ಹೋಯಿತು. ಅಣ್ಣ ಅದಕ್ಕೆ ಬಿಸಿಯನ್ನು ತುಸು ಏರಿಸಿ, ಮತ್ತೆ ತುಸು ಏರಿಸಿ ದುಡಿಸಿದ.

ಹಡಗಿನ ತಾತ ಕಾಯಿಲೆ ಬಿದ್ದಾಗ ಅಣ್ಣನನ್ನು ಕರೆಸಿ ತಮ್ಮಲ್ಲಿದ್ದ ಒಂದು ಹೊಚ್ಚಹೊಸ ವಾಲ್ವು ಕೊಟ್ಟರು. ಕಂಪನಿಯ ಪೆಟ್ಟಿಗೆಯಲ್ಲಿ, ರಟ್ಟಿನ ಉಂಗುರದ ನಡುವೆ ನಿಂತಿತ್ತು. ನಾನೂ ತಮ್ಮನೂ ಅಲ್ಲೇ ಇದ್ದೆವು. ತಮ್ಮ ಆ ವರ್ಷ ಹಡಗಿನಲ್ಲಿ ಊರಿಗೆ ಬಂದಿದ್ದ, ಮುಂದಿನ ಹಡಗಿಗೆ ಮರಳುವವನಿದ್ದ. ತಾತ ಉಸಿರು ಹಿಡಿದು ಹಿಡಿದು ಹೇಳಿದರು: "ಇದನ್ನ ಬಚ್ಚಿಡ್ಬೇಡಪ್ಪ. ವಾಲ್ವು ಸುಮ್ನೆ ಕೂತ್ರೆ ಕೆಡುತ್ತೆ. ಗಾಜಿನೊಳಗೆ ಗಾಳಿ ಬಿಟ್ಕೊಳ್ಳುತ್ತೆ, ಆಮೇಲೆ ಬಲ ಕೊಟ್ರೆ ನೀಲಿಯಾಗಿ ಉರಿದು ಹೋಗುತ್ತೆ. ತಿಂಗಳಿಗೊಂದ್ಸಲ ಪೆಟ್ಟಿಗೇಲಿ ಹಾಕಿ, ಬಲ ಕೊಡದೆ ಬರೀ ಬಿಸಿ ತೋರ್ಸು. ಆ ಗಾಳೀನ ಅದೇ ತಿಂದ್ಕೊಳ್ಳುತ್ತೆ." ಅಣ್ಣ ಹೂಂ ಎಂದ.

ಮನೆಗೆ ಬಂದು ಅದನ್ನು ಉಣ್ಣೆಯ ಮಫ್ಲರಿನಲ್ಲಿ ಸುತ್ತಿ ಟ್ರಂಕಿನಲ್ಲಿ ನಿಲ್ಲಿಸಿದ. ತಮ್ಮ ನಕ್ಕು, "ಅಣ್ಣ, ತಾತ ಹೇಳಿದ್ದು ನೆನಪಿರ್ಲಿ, ಅದೇನು ನಿನ್ನ ಮದುವೆ ಅಂಗಿಯಲ್ಲ" ಎಂದ. ಅಣ್ಣನಿಗೆ ಅದು ನಾಟಿತೆಂದು ಕಾಣುತ್ತದೆ. ವಾಲ್ವು ಎಂದರೆ ದೀಪದ ಎಣ್ಣೆಯ ಹಾಗೆ, ಉರಿಸಿದಷ್ಟೂ ಕಡಿಮೆಯಾಗುತ್ತದೆ, ಸುಮ್ಮನೆ ಯಾಕೆ ಉರಿಸಬೇಕು ಎಂದ. ಸುತ್ತಿದ ಮೋಟಾರು ನೂರು ವರ್ಷ ಮೂಲೆಯಲ್ಲಿದ್ದರೂ ಕೆಡುವುದಿಲ್ಲ ಎಂಬುದು ಅವನ ಕೈ ಕಂಡ ಸತ್ಯ. ವಾಲ್ವಿನ ಮೇಲೂ ಅದೇ ನಂಬಿಕೆ ಇಟ್ಟ. ತಾತ ತೀರಿಕೊಂಡರು. ತಮ್ಮ ಬಂಡೆಗೆ ಮರಳಿದ. ವರ್ಷಗಳು ಹೋದವು. ಟ್ರಂಕು ತೆರೆದಾಗಲೆಲ್ಲ ಅಣ್ಣ ಮಫ್ಲರನ್ನು ಹೊರಗಿನಿಂದ ಸವರಿ ನೋಡಿ ಮುಚ್ಚುತ್ತಿದ್ದ.

ಅಮ್ಮ ಹಾಸಿಗೆ ಹಿಡಿಯುವ ಕೆಲವೇ ದಿನ ಮುಂಚೆ ಪೆಟ್ಟಿಗೆಯಲ್ಲಿದ್ದ ಹಳೆಯ ವಾಲ್ವು ಕೈಬಿಟ್ಟಿತು. ಒಂದು ಭಾನುವಾರ ತಂತಿ ಉರಿಯಿತು, ತಗಡು ಮಾತ್ರ ಬಣ್ಣ ತಿರುಗಲಿಲ್ಲ. ಗುಜರಿಯಲ್ಲೂ ಇರಲಿಲ್ಲ. ಹೊಸದನ್ನು ಹಾಕು ಎಂದು ನಾನು ಹೇಳಿದೆ. ಅಣ್ಣ ಒಪ್ಪಲಿಲ್ಲ. ಹಡಗು ಬರಲು ಇನ್ನೂ ಕೆಲವು ವಾರ ಇತ್ತು. ಹಡಗು ಬಂದಾಗ ಮಾತಾಡಲೇಬೇಕಾಗುತ್ತದೆ, ಅಲ್ಲಿಯವರೆಗೆ ಅದನ್ನು ಸವೆಸುವುದು ಬೇಡ ಎಂದ. ಹಾಗಾಗಿ ಆ ಭಾನುವಾರಗಳಲ್ಲಿ ನಾವು ತಮ್ಮನ ಮಾತು ಕೇಳಿಸಿಕೊಂಡೆವು, ಉತ್ತರ ಕೊಡಲಿಲ್ಲ. ಅವನು ಕರೆಯುತ್ತಿದ್ದ, ಕಾಯುತ್ತಿದ್ದ, ಮತ್ತೆ ಕರೆಯುತ್ತಿದ್ದ. "ವಾಲ್ವು ಹೋಗಿರ್ಬೇಕು, ಇರ್ಲಿ ಬಿಡು, ನನ್ನ ಮಾತು ಕೇಳ್ತಿದ್ರೆ ಸಾಕು" ಎಂದು ತನ್ನಷ್ಟಕ್ಕೇ ಅಲ್ಲಿಯ ಹಕ್ಕಿಗಳ ವಿಷಯ, ಜೊತೆಯವನ ಗೊರಕೆಯ ವಿಷಯ ಹೇಳಿ ಮುಗಿಸುತ್ತಿದ್ದ. ಅಣ್ಣ ಕೈಕಟ್ಟಿ ಕೂತು ಕೇಳುತ್ತಿದ್ದ.

ಹಡಗು ಬಂಡೆ ಮುಟ್ಟುವ ವಾರಕ್ಕೆ ಅಮ್ಮನಿಗೆ ಕಾಯಿಲೆ ಜೋರಾಯಿತು. ಡಾಕ್ಟರು ಶುಕ್ರವಾರ ಬಂದು ನೋಡಿ, ಅಣ್ಣನನ್ನು ಜಗುಲಿಗೆ ಕರೆದು, ಇನ್ನೊಬ್ಬ ಮಗನಿದ್ದರೆ ಕರೆಸಿಬಿಡಿ ಎಂದರು. ಹಡಗು ಶನಿವಾರ ಬಂಡೆ ತಲುಪಿ ಸೋಮವಾರ ಬೆಳಿಗ್ಗೆ ಹೊರಡುವುದಿತ್ತು. ತಮ್ಮ ಅದನ್ನು ಹತ್ತಿದರೆ ಅಮ್ಮನನ್ನು ನೋಡಬಹುದು. ಬಂದರಿನ ಆಫೀಸಿನವರು ದೀಪಸ್ತಂಭಕ್ಕೆ ಸುದ್ದಿ ಕಳಿಸುತ್ತಾರೆ, ಅಲ್ಲಿಗೆ ಹೋಗಿ ಒಂದು ತಂತಿ ಸಂದೇಶ ಕೊಟ್ಟು ಬಾ ಎಂದು ನಾನು ಅಣ್ಣನಿಗೆ ಹೇಳಿದೆ. ಅಮ್ಮನೂ ಮಲಗಿದ್ದಲ್ಲಿಂದಲೇ ಅದನ್ನೇ ಹೇಳಿದಳು.

"ಅವರ ಕಾಲು ಯಾಕೆ ಹಿಡೀಬೇಕು?" ಎಂದ ಅಣ್ಣ. "ಭಾನುವಾರ ನಾನೇ ಹೇಳ್ತೀನಿ. ನನ್ನ ದನೀಲೇ ಕೇಳ್ಲಿ. ಹೊಸ ವಾಲ್ವು ಇದೆಯಲ್ಲ."

ಇಷ್ಟು ವರ್ಷ ಅವನು ಕಾದಿದ್ದ ದಿನ ಅದು. ಅಂದು ಅವನ ಮುಖದಲ್ಲಿ ಒಂದು ಬಗೆಯ ನೆಮ್ಮದಿಯೂ ಇತ್ತು. ತಾನು ಕೂಡಿಟ್ಟದ್ದು ಕಡೆಗೂ ಕೆಲಸಕ್ಕೆ ಬಂತಲ್ಲ ಎಂಬ ನೆಮ್ಮದಿ.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ಟ್ರಂಕು ತೆರೆದ. ಮಫ್ಲರು ಬಿಚ್ಚಿದಾಗ ವಾಲ್ವು ಒಂದು ಧೂಳಿನ ಕಣವೂ ಇಲ್ಲದೆ ಮಿರಮಿರ ಎನ್ನುತ್ತಿತ್ತು. ನಾನು ಬಟ್ಟೆಯಲ್ಲಿ ಹಿಡಿದು ಕೊಟ್ಟೆ, ಅವನು ಕೂರಿಸಿದ. ಬಿಸಿಯ ಸ್ವಿಚ್ಚು ಹಾಕಿದ. ತಂತಿ ಹಳದಿಗೆ ಬಂತು, ಎಷ್ಟು ಚೆನ್ನಾಗಿ ಬಂತೆಂದರೆ ಹಳೆಯ ಯಾವ ವಾಲ್ವಿನಲ್ಲೂ ನಾನು ಆ ಬೆಳಕು ನೋಡಿರಲಿಲ್ಲ. ಅಣ್ಣ ನನ್ನ ಕಡೆ ನೋಡಿದ. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕಾಯಿಸಿದ. ಅಮ್ಮನಿಗೂ ಕೇಳಿಸಲಿ ಎಂದು ನಾನು ಅವಳ ಕೋಣೆಯ ಬಾಗಿಲು ತೆರೆದಿಟ್ಟಿದ್ದೆ.

ತಮ್ಮನ ದನಿ ಬಂತು. ಕರೆಯುತ್ತಿದ್ದ. ಅಣ್ಣ ಬಲದ ಸ್ವಿಚ್ಚು ಹಾಕಿ, ಮೈಕಿನ ಗುಂಡಿ ಒತ್ತಿ, "ತಮ್ಮಾ" ಎಂದ.

ಗಾಜಿನೊಳಗೆ ನೀಲಿ ಬೆಳಕು ತುಂಬಿತು. ಹೊಗೆಯನ್ನು ಲೋಟದಲ್ಲಿ ಹಿಡಿದ ಹಾಗೆ, ಮೇಲಿನಿಂದ ಕೆಳಗಿನವರೆಗೆ ನೀಲಿ. ಆಮೇಲೆ ಪೆಟ್ಟಿಗೆಯ ಹಿಂಭಾಗದಲ್ಲಿ ಪಟಾರೆಂದು ಸದ್ದಾಯಿತು. ಸುಟ್ಟ ವಾರ್ನಿಷ್ ವಾಸನೆ ಬಂತು. ಆ ವಾಸನೆ ಆ ಮನೆಯಲ್ಲಿ ದಿನವೂ ಇರುತ್ತಿತ್ತು, ಅಂದು ಅದು ಅಣ್ಣನೇ ಸುತ್ತಿದ ಟ್ರಾನ್ಸ್‌ಫಾರ್ಮರಿನದು. ವಾಲ್ವಿನ ತಂತಿ ಕಪ್ಪಾಗಿತ್ತು.

ಚಿಕ್ಕ ಸೆಟ್ಟು ಮಾತ್ರ ಬದುಕಿತ್ತು. ಅದರಲ್ಲಿ ತಮ್ಮನ ಮಾತು ಬರುತ್ತಲೇ ಇತ್ತು. "ಏನೋ ಒಂದು ಸದ್ದು ಕೇಳಿದ ಹಾಗಾಯ್ತು. ಅಣ್ಣಾ, ನೀನೇನಾ? ಇನ್ನೊಂದ್ಸಲ ಹೇಳು."

ಅಣ್ಣ ಚಿಕ್ಕ ಸೆಟ್ಟಿನಲ್ಲೇ ಹೇಳಿದ. ಅಮ್ಮನಿಗೆ ಹುಷಾರಿಲ್ಲ, ಹಡಗು ಹತ್ತು, ಬಂದುಬಿಡು. ಹೇಳಿದ, ಕೂಗಿದ, ಕೂಗಿದರೆ ರೇಡಿಯೋದಲ್ಲಿ ದೂರ ಹೋಗುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ, ಆದರೂ ಕೂಗಿದ. ಕುತ್ತಿಗೆಯ ನರ ಉಬ್ಬಿದವು. ಗುಂಡಿ ಬಿಟ್ಟಾಗ ತಮ್ಮ ಮಾತಾಡುತ್ತಿದ್ದ.

"ಇಲ್ಲ, ಏನೂ ಕೇಳಿಸ್ತಿಲ್ಲ. ಹಡಗು ಬಂದಿದೆ. ಬರೋದಾ ಇನ್ನೊಂದು ವರ್ಷ ಇರೋದಾ ಅಂತ ಇವತ್ತೇ ಹೇಳ್ಬೇಕಂತೆ. ಅಮ್ಮನ್ನ ಒಂದು ಮಾತು ಕೇಳಿ ಹೇಳೋಣ ಅಂತಿದ್ದೆ." ಸ್ವಲ್ಪ ಹೊತ್ತು ಬರೀ ಜನರೇಟರಿನ ಗುಂಯ್ ಎನ್ನುವ ಸದ್ದು. "ಅಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ನೀನು ಹೇಗಾದ್ರೂ ಮಾಡಿ ತಿಳಿಸ್ತಿದ್ದೆ. ಟ್ರಂಕಿನಲ್ಲಿರೋ ಹೊಸದನ್ನೇ ತೆಗೀತಿದ್ದೆ. ತೆಗೆದಿಲ್ಲ ಅಂದ್ಮೇಲೆ ಎಲ್ಲ ಚೆನ್ನಾಗಿದ್ದೀರಿ. ಸರಿ, ಇರ್ತೀನಿ ಅಂತ ಹೇಳ್ಬಿಡ್ತೀನಿ. ಅಮ್ಮಾ, ಕೇಳಿಸ್ತಿದೆಯಾ? ಅಮ್ಮಾ?"

ಒಳಗಿನ ಕೋಣೆಯಿಂದ ಅಮ್ಮ ಉತ್ತರ ಕೊಟ್ಟಳು. ಎಷ್ಟೋ ದಿನದಿಂದ ಪಿಸುಮಾತಿಗಿಂತ ಮೇಲೆ ಬರದಿದ್ದ ದನಿ ಅಂದು ಬಂತು. "ಯಾಕೋ ಕೂಗ್ತೀಯ, ಇಲ್ಲೇ ಇದ್ದೀನಲ್ಲ. ಹೊರಗೆ ನಿಂತ್ಕೊಂಡು ಏನ್ಮಾಡ್ತೀಯ, ಒಳಗೆ ಬಾ." ಮಗ ಜಗುಲಿಯಲ್ಲಿದ್ದಾನೆಂದು ತಿಳಿದಿದ್ದಳು.

ತಮ್ಮ ಎಲ್ಲರೂ ಹುಷಾರಾಗಿರಿ ಎಂದು ಹೇಳಿ, ಕೊನೆಗೆ ಅಣ್ಣನ ದನಿಯನ್ನೇ ಅಣಕಿಸಿ "ಜೋಪಾನ" ಎಂದ. ಆಮೇಲೆ ಸೆಟ್ಟು ಮುಚ್ಚಿದ.

ಅಣ್ಣ ಬಿಡಲಿಲ್ಲ. ಚಿಕ್ಕ ಸೆಟ್ಟಿನಲ್ಲೇ ಯಾರಾದರೂ ಕೇಳುತ್ತಿದ್ದರೆ ಸಹಾಯ ಮಾಡಿ ಎಂದು ಕರೆದ. ದೂರದೂರಿನ ಒಬ್ಬರು ಕೇಳಿಸಿಕೊಂಡರು. ಅವರ ಬಳಿ ದೊಡ್ಡ ಪೆಟ್ಟಿಗೆ ಇತ್ತು. ಪಾಪ, ಮಧ್ಯಾಹ್ನದವರೆಗೂ ದೀಪಸ್ತಂಭವನ್ನು ಕರೆದರು. ಮುಚ್ಚಿದ ಸೆಟ್ಟಿಗೆ ಯಾರ ಬಲವೂ ತಟ್ಟುವುದಿಲ್ಲ. ಬಂದರಿನ ಆಫೀಸಿಗೆ ಅಣ್ಣ ಸೈಕಲ್ಲಿನಲ್ಲಿ ಹೋದ, ಭಾನುವಾರ ಬಾಗಿಲು ಹಾಕಿತ್ತು. ಕಾವಲುಗಾರ ಸೋಮವಾರ ಬನ್ನಿ ಎಂದ. ಸೋಮವಾರ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತ. ಹವಾಮಾನದ ಸುದ್ದಿಗಳು ಹೋದ ಮೇಲೆಯೇ ಖಾಸಗಿ ಸುದ್ದಿ ಹೋಗುವುದು ಅಲ್ಲಿಯ ಕ್ರಮವಂತೆ. ಅಣ್ಣನ ತಂತಿ ಸಂದೇಶ ಬಂಡೆ ಮುಟ್ಟುವಾಗ ಹಡಗು ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು.

ಅಮ್ಮ ಆ ವಾರ ದಾಟಲಿಲ್ಲ. ಮಗ ಒಳಗೆ ಬಂದನೇ ಎಂದು ಕೇಳುತ್ತಿದ್ದಳು. ಕೈಕಾಲು ತೊಳೆಯುತ್ತಿದ್ದಾನೆ ಎಂದು ನಾನು ಹೇಳುತ್ತಿದ್ದೆ. ಹಾಗೆ ಹೇಳಿಹೇಳಿಯೇ ಅವಳನ್ನು ಕಳಿಸಿಕೊಟ್ಟೆವು.

ಮುಂದಿನ ಭಾನುವಾರ ತಮ್ಮ ಸೆಟ್ಟು ತೆರೆದ. ಆಫೀಸಿನವರು ಅಮ್ಮ ತೀರಿಕೊಂಡ ಎರಡನೆಯ ಸುದ್ದಿಯನ್ನೂ ಮುಟ್ಟಿಸಿದ್ದರು. ಗುಂಡಿ ಒತ್ತಿ ಹಿಡಿದಿದ್ದನೆಂದು ಕಾಣುತ್ತದೆ, ಜನರೇಟರಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಅವನು ಮಾತಾಡಲಿಲ್ಲ. ಅಣ್ಣನೂ ನಾನೂ ಅದನ್ನೇ ಕೇಳಿಕೊಂಡು ಕೂತೆವು. ಎಷ್ಟೋ ಹೊತ್ತಿನ ಮೇಲೆ ಟಕ್ಕೆಂದು ನಿಂತಿತು. ರೇಡಿಯೋದಲ್ಲಿ ಅವನ ದನಿ ಮತ್ತೆ ಬರಲಿಲ್ಲ.

ಮುಂದಿನ ಹಡಗಿನಲ್ಲಿ ಅವನು ಬಂದ. ಗಡ್ಡ ಬಿಟ್ಟಿದ್ದ, ಅರ್ಧ ನರೆತಿತ್ತು. ಅಮ್ಮನ ಖಾಲಿ ಮಂಚದ ಮೇಲೆ ಸ್ವಲ್ಪ ಕೂತ. ಊಟಕ್ಕೆ ಬಡಿಸಿದೆ, ಉಂಡ. ಕೈ ತೊಳೆದು ಬಂದು ಅಂಗಡಿಯ ಬಾಗಿಲಲ್ಲಿ ನಿಂತ. ಅಣ್ಣ ಒಂದು ಫ್ಯಾನಿನ ತಂತಿ ಬಿಚ್ಚುತ್ತಿದ್ದ, ತಲೆ ಎತ್ತಲಿಲ್ಲ.

"ಹಡಗು ನಿಂತಿದ್ದಾಗ ಒಂದು ಮಾತು ಆಡ್ಲಿಲ್ಲವಲ್ಲ ಅಣ್ಣ."

"ವಾಲ್ವು ಹೋಯ್ತು."

"ಹೊಸದಿತ್ತಲ್ಲ?"

"ಅದೇ ಹೋಗಿದ್ದು."

ತಮ್ಮನೂ ತಾತನ ಬಳಿ ಕಲಿತವನೇ. "ತಿಂಗಳಿಗೊಂದ್ಸಲ ಬಿಸಿ ತೋರಿಸ್ತಿದ್ದೆ ತಾನೇ?" ಎಂದ.

ಅಣ್ಣನ ಕೈಯಲ್ಲಿದ್ದ ಇಕ್ಕಳ ನಿಂತಿತು. ತಮ್ಮ ಕಾದ, ಭಾನುವಾರಗಳಲ್ಲಿ ಕಾಯುತ್ತಿದ್ದ ಹಾಗೆಯೇ ಕಾದ. ಆಮೇಲೆ ತನ್ನ ಚೀಲ ಎತ್ತಿಕೊಂಡ. ಅಣ್ಣ ಒಂದು ಬೈಗುಳ ಕೇಳಿದ್ದರೆ ಹಗುರಾಗುತ್ತಿದ್ದನೇನೋ. ತಮ್ಮ ಬೈಯಲಿಲ್ಲ. ಬಾಗಿಲು ದಾಟುವಾಗ ಅಣ್ಣನ ಬಾಯಿಗೆ ಅಭ್ಯಾಸಬಲದಿಂದ "ಜೋ" ಎಂದು ಬಂದದ್ದು ನನಗೆ ಕೇಳಿಸಿತು. ಉಳಿದದ್ದು ಒಳಗೇ ಉಳಿಯಿತು. ಅಂದಿನಿಂದ ಅವನು ಆ ಮಾತನ್ನು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಬೀದಿಯವರು ಮಾತ್ರ ಜೋಪಾನಣ್ಣ ಎಂದೇ ಕರೆಯುತ್ತಿದ್ದರು.

ತಮ್ಮ ಬೇರೊಂದು ದೀಪಸ್ತಂಭಕ್ಕೆ ಹೋದ. ಸೆಟ್ಟನ್ನು ಯಾರಿಗೋ ಕೊಟ್ಟುಬಿಟ್ಟನೆಂದು ಆ ಕಡೆಯಿಂದ ಬಂದವರು ಹೇಳಿದರು. ಇದು ಗೊತ್ತಾದ ಮೇಲೆಯೇ ಅಣ್ಣ ದೊಡ್ಡ ಪೆಟ್ಟಿಗೆಯನ್ನು ರಿಪೇರಿ ಮಾಡಿದ್ದು. ಟ್ರಾನ್ಸ್‌ಫಾರ್ಮರನ್ನು ಮೊದಲಿನಿಂದ ಸುತ್ತಿದ. ನಮಗೆ ಸಹಾಯ ಮಾಡಿದ್ದ ದೂರದೂರಿನವರು ಒಂದು ವಾಲ್ವು ಕಳಿಸಿದ್ದರು. ಅದನ್ನು ಹಾಕಿ, ಭಾನುವಾರ ಬೆಳಿಗ್ಗೆ ಬಿಸಿಯ ಸ್ವಿಚ್ಚು ಹಾಕಿ ಕೂರುತ್ತಿದ್ದ. ಬಲದ ಸ್ವಿಚ್ಚು ಮುಟ್ಟುತ್ತಿರಲಿಲ್ಲ, ಮೈಕು ಹಿಡಿಯುತ್ತಿರಲಿಲ್ಲ. ತಂತಿ ಹಳದಿಯಾಗಿ ಉರಿಯುವುದನ್ನು ನೋಡುವನು, ಸಾಕೆನಿಸಿದಾಗ ಆರಿಸಿ ಅಂಗಡಿಗೆ ಹೋಗುವನು. ಊರವರು ಯಾರ ಜೊತೆ ಮಾತಾಡುತ್ತೀರಿ ಎಂದು ಕೇಳಿದರೆ, "ಕೆಡಬಾರದಲ್ಲ" ಎನ್ನುತ್ತಿದ್ದ. ಮಳೆಯಲ್ಲಿ ಕೊಡೆ ಬಿಚ್ಚುವುದನ್ನೂ ಕಲಿತ. ಅದು ಅಷ್ಟರಲ್ಲಿ ಮಡಿಕೆಗಳಲ್ಲೆಲ್ಲ ತೂತಾಗಿತ್ತು.

ಅವನು ಹೋದದ್ದೂ ಭಾನುವಾರವೇ, ಆ ಪೆಟ್ಟಿಗೆಯ ಮುಂದೆ ಕುರ್ಚಿಯಲ್ಲಿ. ನಾನು ಚಹಾ ತಂದಾಗ ತಲೆ ವಾಲಿತ್ತು.

ತಮ್ಮ ಮರುದಿನ ತಲುಪಿದ. ಆ ಹೊತ್ತಿಗೆ ಅವನು ಕೆಲಸದಿಂದ ನಿವೃತ್ತನಾಗಿ ಕರಾವಳಿಯ ಒಂದು ಊರಲ್ಲಿ ಬಾಡಿಗೆ ಕೋಣೆಯಲ್ಲಿದ್ದ. ಪೆಟ್ಟಿಗೆ ಹಾಗೇ ಇತ್ತು. ಅದನ್ನು ಆರಿಸಬೇಕೆಂದು ನನಗಾಗಲಿ ಬಂದುಹೋದವರಿಗಾಗಲಿ ಹೊಳೆದಿರಲಿಲ್ಲ. ವಾಲ್ವು ಒಂದು ಹಗಲು ಒಂದು ರಾತ್ರಿ ಒಂದೇ ಸಮನೆ ಉರಿದಿತ್ತು. ತಮ್ಮ ಜಾಲರಿಯ ಹತ್ತಿರ ಬಗ್ಗಿ ನೋಡಿದ. "ಒಳ್ಳೇ ವಾಲ್ವು" ಎಂದ. ಸ್ವಿಚ್ಚು ಆರಿಸಿದ.

ಅಣ್ಣನಿಗೆ ತೊಡಿಸಲು ಒಳ್ಳೆಯ ಅಂಗಿ ತೆಗೆಯೋಣವೆಂದು ಟ್ರಂಕು ಎಳೆದೆವು. ಮೇಲಿನದನ್ನು ತಮ್ಮ ಬಿಡಿಸಿದ, ಮಡಿಕೆ ಬಿದ್ದ ಕಡೆ ಚರ್ರೆಂದು ಸೀಳಿತು. ಎರಡನೆಯದೂ ಹಾಗೇ. ಮೂರನೆಯದೂ. ಕೆಳಗಿದ್ದ ಮದುವೆಯ ಅಂಗಿಯನ್ನು ಅವನು ಬಿಡಿಸಲು ಹೋಗಲಿಲ್ಲ, ಇದ್ದ ಹಾಗೇ ಮುಚ್ಚಿದ. ಅಂಗಡಿಯ ಮೊಳೆಗೆ ನೇತುಹಾಕಿದ್ದ, ವಾರ್ನಿಷ್ ಕಲೆಯ ಅಂಗಿಯನ್ನೇ ತೊಡಿಸಿ ಕಳಿಸಿದೆವು.

ಎಲ್ಲ ಮುಗಿದು ಮನೆಗೆ ಬಂದ ಮೇಲೆ ಅವನು ಒಂದು ಮಾತು ಕೇಳಿದ. ಅಷ್ಟು ವರ್ಷ ಅದನ್ನು ಯಾರಲ್ಲೂ ಕೇಳಿರಲಿಲ್ಲ. "ಅಕ್ಕ, ಅವತ್ತು ನಾನು ಅಮ್ಮನ್ನ ಕರೆದೆ. ಅವಳಿಗೆ ಕೇಳಿಸ್ತಾ?"

ಕೇಳಿಸಿತು, ಉತ್ತರವನ್ನೂ ಕೊಟ್ಟಳು ಎಂದೆ. ಏನೆಂದಳು ಎಂದ. ಅಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಯಾಕೋ ಕೂಗ್ತೀಯ, ಇಲ್ಲೇ ಇದ್ದೀನಲ್ಲ. ಹೊರಗೆ ನಿಂತ್ಕೊಂಡು ಏನ್ಮಾಡ್ತೀಯ, ಒಳಗೆ ಬಾ.

ತಮ್ಮ ಜಗುಲಿಯಲ್ಲಿ ಕೂತಿದ್ದ. ಅಲ್ಲಿಂದ ಏಳಲಿಲ್ಲ. ನಾನು ಒಳಗೆ ದೀಪ ಹಾಕಿ, ಚಾಪೆ ಹಾಸಿ, ಕರೆದೆ. ಇಲ್ಲೇ ಇರ್ತೀನಿ ಅಕ್ಕ ಎಂದ. ಬೆಳಿಗ್ಗೆ ಬಸ್ಸಿಗೆ ಹೊರಡುವವರೆಗೂ ಅವನು ಹೊಸ್ತಿಲು ದಾಟಿ ಒಳಗೆ ಬರಲಿಲ್ಲ.